ನೀಲಿ ಸ್ಪ್ರೂಸಿನ ಲಂಗ

ಈ ವರ್ಷ ನನ್ನ ನೀಲಿ ಸ್ಪ್ರೂಸ್ ಮರದ ಒಂದು ಕಡ್ಡಿಯೂ ಗೇಟು ದಾಟಿ ಹೊರಗೆ ಹೋಗುವುದಿಲ್ಲ! ಹೀಗೆಂದು ನಾನು ಸೆಪ್ಟೆಂಬರ್ ತಿಂಗಳಲ್ಲೇ ಅಂಗಳದಲ್ಲಿ ನಿಂತು, ಎದೆ ಉಬ್ಬಿಸಿ ಸಾರಿದೆ. ಕೇಳಿಸಿಕೊಂಡವು ಕೋಳಿಗಳು ಮಾತ್ರ. ಹೆಂಡತಿಯ ಮುಂದೆ ಸಾರುವಷ್ಟು ಧೈರ್ಯ ಆಗಲೂ ಇರಲಿಲ್ಲ, ಈಗಂತೂ ಇಲ್ಲವೇ ಇಲ್ಲ.

ನಾನು ಓದಿದವನಲ್ಲ. ಏಳನೇ ತರಗತಿಯಲ್ಲಿ ಶಾಲೆಗೂ ನನಗೂ ಜಗಳವಾಗಿ, ಶಾಲೆ ಗೆದ್ದಿತು. ಆಮೇಲೆ ಇಟ್ಟಿಗೆ ಗೂಡಿನ ಬೆಂಕಿ ನೋಡಿಕೊಳ್ಳುತ್ತ ಮುದುಕನಾದೆ. ಆದರೆ ಸ್ಪ್ರೂಸಿನ ವಿಷಯ ಬಂದರೆ, ಪುಸ್ತಕ ಓದಿದವರೂ ನನ್ನ ಬೇಲಿಯಾಚೆ ಟೋಪಿ ತೆಗೆದು ನಿಂತು ಕೇಳಿಕೊಂಡು ಹೋಗಬೇಕು. ಕ್ರಿಸ್‌ಮಸ್ ಮರದ ಜಾತಿಯ ಈ ಸ್ಪ್ರೂಸಿಗೆ ತಲೆ ಒಂದೇ ಇರಬೇಕು. ಎರಡು ತುದಿ ಎದ್ದರೆ ಒಂದನ್ನು ಚಿವುಟದೆ ಬಿಟ್ಟವನ ಮರ, ಇಬ್ಬರು ಯಜಮಾನರಿರುವ ಮನೆಯ ಹಾಗೆ ನಡುವೆ ಸೀಳುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ಬೇಸಗೆಯಲ್ಲಿ ಬಾಯಾರಲೂಬಾರದು. ಉದುರಿದ ಸೂಜಿಯೆಲೆಯನ್ನು ಗುಡಿಸಿ ಚೆಲ್ಲಬಾರದು. ಅದು ಅದರ ಹಾಸಿಗೆ. ಕೆಂಪು ನುಸಿ ಬಿದ್ದರೆ ಬೆಳಗ್ಗೆ ಎದ್ದು ತಣ್ಣೀರು ರಾಚಬೇಕು. ಎಲ್ಲಕ್ಕಿಂತ ಮುಖ್ಯ, ಸುಮ್ಮಸುಮ್ಮನೆ ಅದರ ಮೈ ಮುಟ್ಟಬಾರದು. ಆ ನೀಲಿ ಇದೆಯಲ್ಲ, ಅದು ಎಲೆಯ ಒಳಗಿನ ಬಣ್ಣವಲ್ಲ. ಪ್ಲಮ್ ಹಣ್ಣಿನ ಸಿಪ್ಪೆಯ ಮೇಲೆ ಬೂದಿಯಂಥ ಮೇಣ ಕೂತಿರುತ್ತದಲ್ಲ, ಅದೇ ಜಾತಿಯದು. ಉಜ್ಜಿದರೆ ಹೋಯಿತು, ಕೆಳಗೆ ಬರೀ ಹಸಿರು. ಇದೆಲ್ಲ ನನಗೆ ಗೊತ್ತಿತ್ತು. ಊರಿಗೆಲ್ಲ ಪಾಠ ಹೇಳಿಯೂ ಇದ್ದೆ. ಇದನ್ನು ಮೊದಲೇ ಬರೆದಿಡುತ್ತಿರುವುದು ಯಾಕೆಂದರೆ, ಮುಂದೆ ನಾನು ಮಾಡಿದ್ದನ್ನು ಏನೂ ತಿಳಿಯದವನು ಮಾಡಿದ್ದು ಎಂದು ಯಾರೂ ಕ್ಷಮಿಸಬಾರದು.

ನನ್ನ ಮರದ ಗತ್ತೆಲ್ಲ ಇದ್ದದ್ದು ಅದರ ಲಂಗದಲ್ಲಿ. ಕೆಳಗಿನ ಕೊಂಬೆಗಳು ನೆಲಕ್ಕೆ ತಾಗಿ ಸುತ್ತಲೂ ಹರಡಿಕೊಂಡು, ಮದುವೆಯ ಹೆಣ್ಣು ನೆರಿಗೆ ಬಿಚ್ಚಿಕೊಂಡು ಕೂತ ಹಾಗೆ ಕಾಣುತ್ತಿದ್ದವು. ನಮ್ಮ ಬೀದಿಯಲ್ಲಿ ನೀಲಿ ಸ್ಪ್ರೂಸ್ ಇಲ್ಲದ ಮನೆಯೇ ಇಲ್ಲ. ಆದರೆ ಲಂಗ ಉಳಿಸಿಕೊಂಡ ಮರ ನನ್ನದೊಂದೇ. ಪಕ್ಕದ ಮನೆಯ ಹಿಪೊಲಿತನ ಮರಗಳು ಚಡ್ಡಿ ಹಾಕಿಕೊಂಡ ಪೈಲ್ವಾನರ ಹಾಗೆ ಮೊಣಕಾಲು ತೋರಿಸುತ್ತ ನಿಂತಿವೆ.

ಇದಕ್ಕೆಲ್ಲ ಕಾರಣ ಸಕಲ ಸಂತರ ಹಬ್ಬ. ನವೆಂಬರ್ ಒಂದರಂದು ನಮ್ಮಲ್ಲಿ ಊರಿಗೆ ಊರೇ ಹೊಸ ಕೋಟು ತೊಟ್ಟು ಸ್ಮಶಾನಕ್ಕೆ ಹೊರಡುತ್ತದೆ. ಸಮಾಧಿಯ ಮೇಲೆ ಸೇವಂತಿಗೆ ಇರಬೇಕು, ಗಾಜಿನ ದೀಪ ಇರಬೇಕು, ನಡುವೆ ಸ್ಪ್ರೂಸ್ ಕೊಂಬೆಗಳನ್ನು ಸುತ್ತಿ ಕಟ್ಟಿದ ಹೂಚಕ್ರ ಇರಬೇಕು. ಹಸಿರು ಕೊಂಬೆಯಾದರೆ ಸಾಧಾರಣ. ನೀಲಿಯಾದರೆ ಮನೆತನಕ್ಕೇ ಒಂದು ತೂಕ. ಅಂದು ಎಲ್ಲರೂ ತಮ್ಮವರ ಸಮಾಧಿಯ ಮುಂದೆ ಒಂದು ಕಣ್ಣಿನಲ್ಲಿ ಅಳುತ್ತಾರೆ, ಇನ್ನೊಂದು ಕಣ್ಣಿನಲ್ಲಿ ಪಕ್ಕದವರ ಸಮಾಧಿಯ ಅಲಂಕಾರ ನೋಡುತ್ತಾರೆ. ಹಾಗಾಗಿ ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಊರಿನ ಕತ್ತರಿಗಳಿಗೆಲ್ಲ ಕಾಲು ಬರುತ್ತವೆ. ಸ್ಪ್ರೂಸಿನ ಕೆಳಕೊಂಬೆಯನ್ನು ಒಮ್ಮೆ ಕಡಿದರೆ ಮತ್ತೆ ಅಲ್ಲಿ ಚಿಗುರು ಬರುವುದಿಲ್ಲ. ಅದು ತಲೆಗೂದಲಲ್ಲ, ಬೆರಳು!

ಕೊಡುವುದಿಲ್ಲ ಅನ್ನಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಅನ್ನುವುದು? ಕೇಳಲು ಬರುವವರು ಒಬ್ಬರೇ ಬರುವುದಿಲ್ಲ, ಸತ್ತವರನ್ನು ಮುಂದಿಟ್ಟುಕೊಂಡು ಬರುತ್ತಾರೆ. ಎದುರು ಮನೆಯ ವಿಧವೆ ಅಪೊಲೋನಿಯಾ ಪ್ರತಿ ವರ್ಷ ಗೇಟಿಗೆ ಎರಡೂ ಕೈಯಿಟ್ಟು ಕಣ್ಣು ಒದ್ದೆ ಮಾಡಿಕೊಂಡು, "ಸೆವೆರಿನಣ್ಣಾ, ನಮ್ಮ ಫ್ಲೋರಿಯಾನ್‌ಗೆ ನಿಮ್ಮ ಮರ ಅಂದ್ರೆ ಪಂಚಪ್ರಾಣ," ಅನ್ನುತ್ತಾಳೆ. ಫ್ಲೋರಿಯಾನ್ ಬದುಕಿದ್ದಾಗ ನನ್ನ ಮರದ ಹತ್ತಿರ ಬಂದದ್ದು ಕುಡಿದು ಮನೆಗೆ ಹೋಗುವಾಗ ಆನಿಕೊಳ್ಳಲು ಏನೂ ಸಿಗದಿದ್ದ ದಿನ ಮಾತ್ರ. ಆದರೆ ಸತ್ತವನ ಮೇಲೆ ಚಾಡಿ ಹೇಳಲಾಗುತ್ತದೆಯೇ? ನಾನು ಹಲ್ಲು ಕಚ್ಚಿ ನಗುವಷ್ಟರಲ್ಲಿ ನನ್ನ ಹೆಂಡತಿ ಲುದ್ವಿಕಾ ಹಿಂದಿನಿಂದ ಕತ್ತರಿ ಹಿಡಿದು ಬಂದೇಬಿಡುತ್ತಾಳೆ. ಹಿಂದಿನ ಕಡೆ, ಕಾಣದ ಜಾಗದಲ್ಲಿ, ಒಂದು ಚಿಕ್ಕ ಕೊಂಬೆ ಅಷ್ಟೇ ಎಂದು ಸಮಾಧಾನ ಹೇಳುತ್ತಾಳೆ. ಹಿಂದಿನ ಕಡೆ ಎನ್ನುವುದು ಮರಕ್ಕೆ ಎಷ್ಟು ದಿನ ಇರುತ್ತದೆ?

ಈ ವರ್ಷವಂತೂ ಹೆಚ್ಚು ಭಯವಿತ್ತು. ವಸಂತದಲ್ಲಿ ನಮ್ಮ ಅತ್ತೆ, ಲುದ್ವಿಕಾಳ ಅಮ್ಮ ಕುನೆಗುಂದಾ ತೀರಿಕೊಂಡಿದ್ದರು. ಅವರಿಗಿದು ಸ್ಮಶಾನದಲ್ಲಿ ಮೊದಲ ಹಬ್ಬ. ಲುದ್ವಿಕಾ ಬೇಸಗೆಯಿಂದಲೇ ಮರದ ಕಡೆ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಆಗ ನನಗೆ ನೆನಪಾದದ್ದು ಒನುಫ್ರಿ. ಕಾಡಿನ ಕಾವಲುಗಾರನಾಗಿದ್ದ ನನ್ನ ಹಳೆಯ ಗೆಳೆಯ. ಕ್ರಿಸ್‌ಮಸ್ ಹತ್ತಿರ ಬಂದಾಗ ಕಾಡಿಗೆ ನುಗ್ಗಿ ಗಿಡ ಕದಿಯುವವರಿಗೆ ಅವನೊಂದು ಮದ್ದು ಮಾಡುತ್ತಿದ್ದ. ಕುರಿಯ ಕೊಬ್ಬು ಕರಗಿಸಿ, ಅದಕ್ಕೆ ಕೊಳೆತ ಮೊಟ್ಟೆ ಮತ್ತು ಹಳಸಿದ ಮೀನೆಣ್ಣೆ ಬೆರೆಸಿ ಕೊಂಬೆಗೆ ಬಳಿಯುವುದು. ಹೊರಗಿನ ಚಳಿಗೆ ಏನೂ ಗೊತ್ತಾಗುವುದಿಲ್ಲ. ಕಳ್ಳ ಗಿಡ ಕಡಿದು ಮನೆಗೆ ಒಯ್ದು ಒಲೆಯ ಪಕ್ಕ ನಿಲ್ಲಿಸಿದನೋ, ಮುಗಿಯಿತು ಅವನ ಹಬ್ಬ. ನಾನು ಕೇಳಿದಾಗ ಒನುಫ್ರಿ ಮದ್ದಿನ ಲೆಕ್ಕವನ್ನೆಲ್ಲ ಹೇಳಿಕೊಟ್ಟು, ಕೊನೆಗೆ ಬೆರಳೆತ್ತಿ ಎಚ್ಚರಿಸಿದ. "ಚಳೀಲಿ ಅದು ನಿದ್ದೆ ಮಾಡ್ತದೆ. ಬಿಸಿ ತಾಗ್ತೋ, ಏಳ್ತದೆ. ಎದ್ದ ಮೇಲೆ ನಿನ್ನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಅದಕ್ಕೇ ಒಂದು ಬೋರ್ಡು ಹಾಕು, ಮದ್ದು ಬಳಿದೈತೆ ಅಂತ."

ಬೋರ್ಡು! ಇದೇ ನೋಡಿ ನಾನು ಒಪ್ಪದ ಮಾತು. ಬೋರ್ಡು ಹಾಕಿದರೆ ಸೆವೆರಿನ್ ಸತ್ತವರಿಗೂ ಒಂದು ಕಡ್ಡಿ ಬಿಡದ ಜುಗ್ಗ ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ನನಗೆ ಕೊಂಬೆಯೂ ಉಳಿಯಬೇಕು, ಹೆಸರೂ ಉಳಿಯಬೇಕು. ನನ್ನ ಉಪಾಯ ಇನ್ನೂ ನಾಜೂಕಾದದ್ದು. ಮೊದಲು ಕೇಳಿ ಬಂದವರಿಗೆ ನಗುನಗುತ್ತ ಒಂದು ಸಣ್ಣ ಕೊಂಬೆ ಕೊಡುವುದು. ಅವರು ಅಡುಗೆಮನೆಯಲ್ಲಿ ಕೂತು ಹೂಚಕ್ರ ಕಟ್ಟುವುದು. ಮೂಗು ಮುಚ್ಚಿಕೊಂಡು ಹೊರಗೋಡುವುದು. ಪಾಪ, ಸೆವೆರಿನಣ್ಣನ ಮರಕ್ಕೆ ಏನೋ ಬಂದಿದೆ ಎಂದು ಊರಿಗೆ ಸುದ್ದಿ ಹಬ್ಬುವುದು. ಆಮೇಲೆ ಯಾರೂ ಕೇಳುವುದಿಲ್ಲ, ನಾನು ಯಾರಿಗೂ ಇಲ್ಲ ಅನ್ನುವುದೂ ಇಲ್ಲ. ದೊಡ್ಡ ದೊಡ್ಡ ದೊರೆಗಳ ಮಂತ್ರಿಗಳಿಗೂ ಹೊಳೆಯದ ಯೋಜನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಕ್ಟೋಬರ್ ಪೂರ್ತಿ ಲುದ್ವಿಕಾ ಸಂಜೆ ಜಪಸರ ಹಿಡಿದು ಚರ್ಚಿಗೆ ಹೋಗುತ್ತಾಳೆ. ಅವಳು ಅಲ್ಲಿ ಮಂಡಿಯೂರಿ ಪಾಪಿಗಳಿಗಾಗಿ ಪ್ರಾರ್ಥಿಸುತ್ತಿದ್ದಾಗ, ಪಾಪಿ ಇಲ್ಲಿ ಮಂಡಿಯೂರಿ ಬ್ರಷ್ಷು ಆಡಿಸುತ್ತಿದ್ದ. ಕೊಬ್ಬು ಕಾಯಿಸಿದ್ದು ಹಿತ್ತಲಿನ ಕೊಟ್ಟಿಗೆಯಲ್ಲಿ. ಮುಚ್ಚಳ ತೆಗೆದ ಕ್ಷಣ ಬೆಕ್ಕು ಮನೆ ಬಿಟ್ಟು ಹೋಯಿತು. ವಾರ ಕಳೆದರೂ ಬರಲಿಲ್ಲ. ಲಂಗದ ಒಂದೊಂದು ನೆರಿಗೆಗೂ, ಮೇಲೆ ಕೆಳಗೆ, ದೇವರ ಮಂಟಪಕ್ಕೆ ಬಣ್ಣ ಹಚ್ಚುವಷ್ಟು ಭಕ್ತಿಯಿಂದ ಬಳಿದೆ. ಲುದ್ವಿಕಾ ವಾಪಸು ಬಂದವಳು ಅಂಗಳದಲ್ಲಿ ನಿಂತು ಮೂಗು ಅರಳಿಸಿದಳು. ಹಿಪೊಲಿತ್ ಹಂದಿಗೂಡು ತೊಳೆಯುತ್ತಿರಬೇಕು ಎಂದೆ. ಬೆಳಗ್ಗೆ ಮಂಜು ಹೆಪ್ಪುಗಟ್ಟಿತು, ವಾಸನೆ ನಿದ್ದೆ ಹೋಯಿತು. ನಾನು ಮೀಸೆ ತಿರುವಿದೆ.

ಎರಡು ಮೂರು ದಿನ ಕಳೆದಿರಬೇಕು. ಕಾಫಿ ಲೋಟ ಹಿಡಿದು ಹೊರಗೆ ಬಂದವನು ಮರ ನೋಡಿ ಕಾಫಿಯನ್ನು ಬೂಟಿಗೆ ಸುರಿದುಕೊಂಡೆ. ಸೊಂಟದ ಮೇಲೆ ನೀಲಿ, ಸೊಂಟದ ಕೆಳಗೆ ಹಸಿರು! ನೀಲಿ ಕೋಟು ತೊಟ್ಟ ದೊಡ್ಡ ಮನುಷ್ಯ ಕೆಳಗೆ ಹಸಿರು ಪೈಜಾಮದಲ್ಲಿ ಬೀದಿಗೆ ಬಂದ ಹಾಗೆ. ಕೈಯಲ್ಲಿ ಉಜ್ಜಿದರೇ ಹೋಗುವ ಮೇಣದ ಮೇಲೆ, ಊರಿಗೆಲ್ಲ ಪಾಠ ಹೇಳಿದ ಪಂಡಿತ, ಬಿಸಿ ಕೊಬ್ಬು ಬಳಿದಿದ್ದ. ಮೇಣವೆಲ್ಲ ಕರಗಿ ಕೊಬ್ಬಿನೊಳಗೆ ಸೇರಿಹೋಗಿತ್ತು. ಬರುವ ವಸಂತದ ಚಿಗುರು ನೀಲಿಯಾಗಿಯೇ ಬರುತ್ತದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಲುದ್ವಿಕಾ ಪಕ್ಕಕ್ಕೆ ಬಂದು ನಿಂತು, ಇದೇನು ಹೀಗಾಗಿದೆ ಎಂದು ಕೇಳಿದಳು. ಬೆಳಕಿನ ಆಟ, ಶರತ್ಕಾಲದಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ ಎಂದೆ. ಅವಳು ಏನೂ ಅನ್ನಲಿಲ್ಲ. ನನ್ನ ಹೆಂಡತಿ ಏನೂ ಅನ್ನದಿದ್ದಾಗ ಹೆದರಬೇಕು ಎನ್ನುವುದನ್ನು ನಾನು ಇಷ್ಟು ವರ್ಷವಾದರೂ ಕಲಿತಿಲ್ಲ.

ಅದೇ ಹೊತ್ತಿಗೆ ಪಟ್ಟಣದಲ್ಲಿರುವ ತಂಗಿಯಿಂದ ಕರೆ ಬಂತು. ಅವಳ ಮನೆಯ ಇಟ್ಟಿಗೆ ಒಲೆ ಹೊಗೆಯನ್ನು ಚಿಮಣಿಗೆ ಬಿಡದೆ ಅಡುಗೆಮನೆಗೇ ಬಿಡುತ್ತಿತ್ತು. ಬೆಂಕಿಯ ವಿಷಯದಲ್ಲಿ ನನ್ನನ್ನು ಕರೆದರೆ ನಾನು ಹೋಗಲೇಬೇಕು, ಅದು ನನ್ನ ಕಸುಬಿನ ಮರ್ಯಾದೆ. ಹೋದೆ, ಒಲೆ ಬಿಚ್ಚಿದೆ, ಕಟ್ಟಿದೆ, ಹೊಗಳಿಸಿಕೊಂಡೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ.

ಮೊದಲು ಬೇರೆಯವರ ಮನೆಗೆ ಬಂದೆನೇನೋ ಅಂದುಕೊಂಡೆ. ಗೇಟಿನ ಪಕ್ಕ ಒಂದು ಮರ ನಿಂತಿತ್ತು. ಎದೆಮಟ್ಟದವರೆಗೆ ಬರೀ ಕಾಂಡ. ಅದರ ಮೇಲೆ ನೀಲಿ ಗೋಪುರ. ಕೋಳಿಗಳು ಅದರ ಕೆಳಗೆ ಆರಾಮಾಗಿ ಓಡಾಡುತ್ತಿದ್ದವು. ನನ್ನ ಪ್ರತಿಜ್ಞೆ ಕೇಳಿಸಿಕೊಂಡಿದ್ದ ಅದೇ ಕೋಳಿಗಳು.

ಲುದ್ವಿಕಾ ಬಾಗಿಲಿಗೆ ಓಡಿ ಬಂದಳು. ಕೈ ತುಂಬ ಗೀರುಗಳು, ಮುಖದ ತುಂಬ ಹೆಮ್ಮೆ. "ಕೂಗಾಡಬೇಡ, ಮೊದಲು ಕೇಳು. ನಿನ್ನ ಮರಾನ ಉಳಿಸಿದೀನಿ."

ನಡೆದದ್ದಿಷ್ಟು. ನಾನು ಬಸ್ಸು ಹತ್ತಿದ ಕೂಡಲೇ ಅವಳು ಹಿಪೊಲಿತನನ್ನು ಕರೆದು ಮರ ತೋರಿಸಿದ್ದಳು. ಹಿಪೊಲಿತ್ ಗಲ್ಲ ಕೆರೆದುಕೊಂಡು, ಇದು ಬುಡದಿಂದ ಹತ್ತುವ ರೋಗ, ಇವತ್ತು ಸೊಂಟ, ನಾಳೆ ಕುತ್ತಿಗೆ, ಕೆಳಗಿನದನ್ನೆಲ್ಲ ಈಗಲೇ ತೆಗೆದರೆ ಮೇಲಿನದಾದರೂ ಉಳಿದೀತು ಎಂದು ತೀರ್ಪು ಕೊಟ್ಟಿದ್ದ. ಚಡ್ಡಿ ಮರಗಳ ಒಡೆಯ ಇನ್ನೇನು ಹೇಳುತ್ತಾನೆ! ಲುದ್ವಿಕಾ ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ಅಳುತ್ತಳುತ್ತಲೇ ಗರಗಸ ಹಿಡಿದಿದ್ದಳು. ನನಗೆ ಎದುರಿಗಿದ್ದು ನೋಡಲಾಗದೆಂದು ನಾನಿಲ್ಲದಾಗಲೇ ಮುಗಿಸಿದ್ದಳು.

"ಕೊಂಬೆಗಳು?" ಎಂದೆ.

"ಸಮಾಧಿಗಳಿಗೆ ಹೋದ್ವು. ಸತ್ತವರಿಗೆ ಮರದ ರೋಗ ಅಂಟಲ್ಲ ಮಾರಾಯಾ."

ಊರಿನ ಹೆಂಗಸರೆಲ್ಲ ನಮ್ಮ ಹಿತ್ತಲಿನ ಬಾಗಿಲಿಲ್ಲದ ಕಣಜದ ಮನೆಯಲ್ಲಿ ಕೂತು, ಬಾಯಿಂದ ಹಬೆ ಬಿಡುತ್ತ, ಚುಚ್ಚದಿರಲಿ ಎಂದು ಕೈಗವಸು ತೊಟ್ಟು ಹೂಚಕ್ರಗಳನ್ನು ಕಟ್ಟಿದ್ದರು. ಪ್ರತಿ ಮನೆಗೂ ಒಂದು. ಅಷ್ಟು ದೊಡ್ಡ ಲಂಗ ನೋಡಿ, ಊರಿನ ಮನೆಗಳಿಗೆಲ್ಲ ಆಗಿ ಇನ್ನೂ ಉಳಿದಿತ್ತು. ಉಳಿದದ್ದರಲ್ಲಿ ಸ್ಮಶಾನದ ಮೂಲೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದೆ ಬಿದ್ದಿರುವ ಹಳೆಯ ಸಮಾಧಿಗಳಿಗೂ ಒಂದೊಂದು ಕಟ್ಟಿದ್ದರು. ಎಲ್ಲಕ್ಕಿಂತ ದಪ್ಪನೆಯದು, ಎರಡು ಕೈ ಅಗಲದ್ದು, ನಮ್ಮ ಅತ್ತೆ ಕುನೆಗುಂದಾಗೆ. ಆ ಬೆಳಗ್ಗೆಯೇ ಎಲ್ಲವನ್ನೂ ಒಯ್ದು ಇಟ್ಟೂ ಆಗಿತ್ತು.

"ನೀನೇ ಕೊಟ್ಟಿದ್ದು ಅಂತ ಹೇಳಿದೀನಿ," ಎಂದಳು ಲುದ್ವಿಕಾ, ತಗ್ಗಿದ ದನಿಯಲ್ಲಿ. "ಹೋಗೋ ಮುಂಚೆ ನೀನೇ ಹೇಳಿ ಹೋದೆ ಅಂತ. ಎಲ್ಲರ ಕಣ್ಣಲ್ಲೂ ನೀರು ಬಂತು ಗೊತ್ತಾ."

ನಾನು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ಸತ್ಯ ಹೇಳಲೆಂದೇ ತೆರೆದೆ. ಅಷ್ಟರಲ್ಲಿ ಅಪೊಲೋನಿಯಾ ಗಸಗಸೆ ತುಂಬಿದ ಸುರುಳಿ ರೊಟ್ಟಿ ಹಿಡಿದು ಒಳಗೆ ಬಂದಳು. ಇಷ್ಟು ದಿನ ನಿಮ್ಮನ್ನು ಜುಗ್ಗ ಅಂದುಕೊಂಡಿದ್ದೆ, ತಪ್ಪಾಯಿತು ಎಂದು ನನ್ನ ಕೈ ಹಿಡಿದುಕೊಂಡಳು. ತೆರೆದ ಬಾಯಿಗೆ ರೊಟ್ಟಿ ಬಂದು ಬಿತ್ತು. ಚೆನ್ನಾಗಿತ್ತು. ತಿಂದೆ. ಅವಳ ಹಿಂದೆ ಹಿಪೊಲಿತ್ ಬಂದು ಬೆನ್ನು ತಟ್ಟಿದ. ಅವನ ಹಿಂದೆ ಇನ್ಯಾರೋ ಪ್ಲಮ್ ಹಣ್ಣಿನ ಸಾರಾಯಿ ತಂದರು. ಒಂದೊಂದು ಹೊಗಳಿಕೆ ಬಂದಾಗಲೂ ಸತ್ಯ ಒಂದೊಂದು ಮೆಟ್ಟಿಲು ಕೆಳಗಿಳಿದು, ಕೊನೆಗೆ ಹೊಟ್ಟೆಯ ತಳದಲ್ಲಿ ಹೋಗಿ ಕೂತಿತು. ಹೊರಗೆ ನೋಡಿದೆ, ಮಂಜು ಬೀಳುತ್ತಿತ್ತು. ಇರಲಿ, ಈ ಚಳಿ ಇರುವವರೆಗೆ ನಾನು ಮಹಾದಾನಿ. ಚಳಿಗಾಲ ನಮ್ಮಲ್ಲಿ ಉದ್ದವಾಗಿಯೇ ಇರುತ್ತದೆ. ಹೀಗೆ ಅಂದುಕೊಂಡು ಮಲಗಿದೆ.

ಬೆಳಗ್ಗೆ ಎದ್ದರೆ ಸೂರ್ಯ ನಗುತ್ತಿದ್ದ.

ಸುಮ್ಮನೆ ನಗುವುದಲ್ಲ, ಮೇ ತಿಂಗಳ ನಗು. ಇಂಥ ಹಬ್ಬದ ದಿನ ನಾವು ಹೆಜ್ಜೆಹೆಜ್ಜೆಗೂ ಮೂಗು ಒರೆಸಿಕೊಳ್ಳುತ್ತ ಹೋಗುವುದು ರೂಢಿ. ಅಂದು ಜನ ಕೋಟಿನ ಗುಂಡಿ ಬಿಚ್ಚಿಕೊಂಡು, ದೇವರೇ ಕೊಟ್ಟ ದಿನ ಎನ್ನುತ್ತ ನಡೆದರು. ನಾನೊಬ್ಬನೇ ನಡುಗುತ್ತಿದ್ದೆ. ಸ್ಮಶಾನದ ಬಾಗಿಲಲ್ಲಿ ಗಾಳಿ ಮೂಸಿದೆ. ಸೇವಂತಿಗೆ, ಮೇಣ, ಒದ್ದೆ ಎಲೆ. ಇನ್ನೂ ಮಲಗಿದೆ ಎಂದುಕೊಂಡೆ.

ಬಲಿಪೂಜೆ, ಅಂದರೆ ಚರ್ಚಿನ ಹಬ್ಬದ ಪ್ರಾರ್ಥನೆ, ಅಂದು ಸ್ಮಶಾನದಲ್ಲೇ, ಬಯಲಿನಲ್ಲಿ. ಶುರುವಿನಲ್ಲೇ ಫಾದರ್ ನನ್ನ ಹೆಸರು ಹೇಳಿದರು. ತನ್ನ ಕಣ್ಣಿನಷ್ಟು ಪ್ರೀತಿಸಿದ ಮರವನ್ನು, ತನ್ನವರಿಗಷ್ಟೇ ಅಲ್ಲ, ಯಾರೂ ಇಲ್ಲದವರ ಸಮಾಧಿಗೂ ಕಡಿದುಕೊಟ್ಟ ಮನುಷ್ಯ ನಮ್ಮ ನಡುವೆ ಇದ್ದಾರೆ ಎಂದರು. ಊರೆಲ್ಲ ತಿರುಗಿ ನೋಡಿತು. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಅಂದುಕೊಂಡರು! ಲುದ್ವಿಕಾ ನನ್ನ ತೋಳು ಹಿಡಿದುಕೊಂಡಳು. ಮದುವೆಯ ದಿನವೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಪೂಜೆ ಮುಗಿದ ಮೇಲೆ ಎಲ್ಲರೂ ತಂತಮ್ಮವರ ಸಮಾಧಿಗೆ ಹೋಗಿ ದೀಪ ಹಚ್ಚಿದರು. ನಮ್ಮೂರಿನವರಿಗೆ ದೀಪ ಹಚ್ಚಲು ಹೇಳಿಕೊಡಬೇಕಾಗಿಲ್ಲ. ಒಂದೊಂದು ಸಮಾಧಿಯ ಮೇಲೂ ಸಾಲುಸಾಲು ಗಾಜಿನ ದೀಪ. ಆ ದೀಪಗಳ ನಡುವೆ, ಒಲೆಯ ಮೇಲಿಟ್ಟ ಬಾಣಲೆಯ ಹಾಗೆ, ನನ್ನ ಕೊಂಬೆಗಳ ಹೂಚಕ್ರ. ಮೇಲಿನಿಂದ ಬಿಸಿಲು, ಕೆಳಗಿನಿಂದ ಬೆಂಕಿ. ಗೂಡು ಕಾಯಿಸಿ ಬದುಕಿದವನು ನಾನು. ಯಾವುದು ಎಷ್ಟು ಹೊತ್ತಿಗೆ ಬೇಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದು ಎದ್ದಿತು.

ಮೊದಲು ಅಲ್ಲೊಂದು ಇಲ್ಲೊಂದು ಕೆಮ್ಮು. ಆಮೇಲೆ ಕರವಸ್ತ್ರಗಳು. ಆಮೇಲೆ ನಾನು ಈ ಜನ್ಮದಲ್ಲಿ ಮರೆಯಲಾಗದ ಒಂದು ಮೌನ. ಯಾರೂ ತುಟಿ ಬಿಚ್ಚಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾಕೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರತಿಯೊಬ್ಬರೂ ಆ ನಾತ ತಮ್ಮ ಮನೆಯವರ ಸಮಾಧಿಯಿಂದಲೇ ಬರುತ್ತಿದೆ ಎಂದು ತಿಳಿದಿದ್ದರು! ಮರ್ಯಾದಸ್ಥರು ತಮ್ಮ ಅಜ್ಜನ ವಾಸನೆಯ ಬಗ್ಗೆ ಪಕ್ಕದವರ ಹತ್ತಿರ ಮಾತಾಡುತ್ತಾರೆಯೇ? ಹಿಪೊಲಿತ್ ಕೆಂಪು ಮುಖ ಮಾಡಿಕೊಂಡು, ಅಪ್ಪನ ಸಮಾಧಿಗೆ ಅಡ್ಡವಾಗಿ ನಿಂತು, ನಾತ ಮುಚ್ಚಲೆಂದು ಇನ್ನಷ್ಟು ದೀಪ ಹಚ್ಚಿದ. ಅವನನ್ನು ನೋಡಿ ಪಕ್ಕದವರೂ ಹಚ್ಚಿದರು. ಉರಿ ಹೆಚ್ಚಿದಷ್ಟೂ ಅದು ಹೆಚ್ಚಿತು. ಫಾದರ್ ಧೂಪದ ಬಟ್ಟಲನ್ನು ಗಡಿಯಾರದ ಲೋಲಕದ ಹಾಗೆ ತೂಗುತ್ತ ಓಡಾಡಿದರು. ಧೂಪವೂ ಕುರಿಕೊಬ್ಬೂ ಬೆರೆತ ವಾಸನೆಯನ್ನು ವರ್ಣಿಸಲು ನನಗೆ ಓದು ಸಾಲದು.

ಆಮೇಲೆ ಜನ ತಮ್ಮ ಸತ್ತವರ ಹತ್ತಿರ ಮಾತಾಡಲು ಶುರುಮಾಡಿದರು. ಸುಮ್ಮನೆ ಮಲಗಿದ್ದವರು ಹೀಗೆ ಎದ್ದಿದ್ದಾರೆಂದರೆ ಯಾವುದೋ ಸಿಟ್ಟು ಇರಬೇಕಲ್ಲ. ಅಪೊಲೋನಿಯಾ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಗ್ಗಿ, ನಿನ್ನ ಗಡಿಯಾರ ಕಳೆದದ್ದಲ್ಲ ಫ್ಲೋರಿಯಾನ್, ನಾನೇ ನನ್ನ ತಮ್ಮನಿಗೆ ಕೊಟ್ಟೆ ಎಂದು ಪಿಸುಗುಟ್ಟಿದಳು. ಮೂಗು ಮುಚ್ಚಿ ಪಿಸುಗುಟ್ಟಿದರೆ ಪಿಸುಮಾತು ತುತ್ತೂರಿಯಾಗುತ್ತದೆ. ಹಿಪೊಲಿತ್ ಟೋಪಿ ಕೈಯಲ್ಲಿ ಹಿಡಿದು, ನೀನು ನೆಟ್ಟ ಚೆರಿ ಮರ ಸಿಡಿಲಿಗೆ ಬೀಳಲಿಲ್ಲ ಅಪ್ಪಾ, ಟ್ರ್ಯಾಕ್ಟರ್ ನಿಲ್ಲಿಸಲು ನಾನೇ ಕಡಿಸಿದೆ ಎಂದು ಒಪ್ಪಿಕೊಂಡ. ಸಾಲಿನಿಂದ ಸಾಲಿಗೆ ಹೀಗೆ ಗುಜುಗುಜು. ಬೇರೆ ದಿನವಾಗಿದ್ದರೆ ನಾನು ಕಿವಿ ನಿಮಿರಿಸಿಕೊಂಡು ನಿಲ್ಲುತ್ತಿದ್ದೆ. ಅಂದು ಒಂದೊಂದು ಮಾತೂ ನನ್ನ ಬೆನ್ನಿಗೆ ಬಾರುಕೋಲಿನ ಹಾಗೆ ಬೀಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ನನ್ನ ಹೆಮ್ಮೆಯ ಚರ್ಮ ಅಷ್ಟು ದಪ್ಪ.

ಬಿಡಿಸಿದವಳು ಲುದ್ವಿಕಾ.

ಅವಳು ಅಮ್ಮನ ಸಮಾಧಿಯ ಮುಂದೆ ಮಂಡಿಯೂರಿದ್ದಳು. ಅಲ್ಲಿನ ಹೂಚಕ್ರ ಎಲ್ಲಕ್ಕಿಂತ ದೊಡ್ಡದಲ್ಲವೇ, ಅಲ್ಲಿನ ನಾತವೂ ಹಾಗೆಯೇ. ಕರವಸ್ತ್ರವನ್ನು ಮೂಗಿಗೆ ಹ್ಯಾಗೆ ಹಿಡಿಯುವುದು, ಅಮ್ಮ ಬೇಜಾರು ಮಾಡಿಕೊಂಡಾಳು ಎಂದು ಅದನ್ನು ಕೈಯಲ್ಲಿ ಮುದುಡಿಕೊಂಡು, ಆ ನಾತವನ್ನು ಹಾಗೆಯೇ ಕುಡಿಯುತ್ತಿದ್ದಳು. ನಾನು ಹಿಂದೆ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಾಯ್ತಮ್ಮಾ, ಯಾಕೆ ಸಿಟ್ಟು ಅಂತ," ಎನ್ನುತ್ತಿದ್ದಳು. "ಸುಳ್ಳು ಹೇಳಿದೆ. ಅವನು ಕೊಡು ಅನ್ನಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ನೀನು ಇರೋವರೆಗೂ ಅವನು ಜಂಬದವನು, ಕೈ ಬಿಗಿ ಅಂತಾನೇ ಇದ್ದೆ. ಹಾಗಲ್ಲಮ್ಮಾ ಅಂತ ನಾನು ಹೇಳ್ತಾನೇ ಇದ್ದೆ. ಒಂದು ಸಲ ನಿನಗೂ, ಊರಿಗೂ, ಅವನು ಒಳ್ಳೆಯವನಾಗಿ ಕಾಣ್ಲಿ ಅಂತ ಹೇಳಿಬಿಟ್ಟೆ. ಅದಕ್ಕೆ ನನ್ನ ಬಯ್ಯಿ. ಜನರ ಮುಂದೆ ಹೀಗೆ ಮಾಡಬೇಡ."

ಇಟ್ಟಿಗೆ ಗೂಡಿನ ಬಾಯಲ್ಲಿ ನಿಂತಾಗಲೂ ನನ್ನ ಮುಖ ಅಷ್ಟು ಸುಟ್ಟಿರಲಿಲ್ಲ. ನಾನೂ ಅವಳ ಪಕ್ಕ ಮಂಡಿಯೂರಿದೆ. ಕೀಲು ಕಟಕಟ ಎಂದಿತು. ಅವಳು ಬೆಚ್ಚಿ ನೋಡಿದಳು.

"ನಿಮ್ಮಮ್ಮಂದಲ್ಲ ಲುದ್ವಿಕಾ," ಎಂದೆ. "ಕುರಿ ಕೊಬ್ಬು. ಕೊಳೆತ ಮೊಟ್ಟೆ. ಮೀನೆಣ್ಣೆ. ಯಾರೂ ಕೊಂಬೆ ಕೇಳದಿರಲಿ ಅಂತ ನಾನೇ ಬಳಿದೆ. ನೀನು ಜಪಸರಕ್ಕೆ ಹೋಗಿದ್ದಾಗ."

ಅವಳು ಹೂಚಕ್ರ ನೋಡಿದಳು. ಬಗ್ಗಿ ಒಮ್ಮೆ ಮೂಸಿದಳು. ನನ್ನನ್ನು ನೋಡಿದಳು. ಮತ್ತೆ ಹೂಚಕ್ರ ನೋಡಿದಳು.

"ರೋಗ?" ಎಂದಳು.

"ರೋಗ ಇಲ್ಲ. ಕೊಬ್ಬಿಗೆ ಬಣ್ಣ ಹೋದದ್ದು."

"ಹಾಗಾದ್ರೆ ನಾನು ಅತ್ತಿದ್ದು?"

ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹೊಡೆಯಲಿಲ್ಲ. ಕಣ್ಣು ಒರೆಸಿಕೊಂಡಳು, ಮೊದಲ ಸಲ ನಿರಾಳವಾಗಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು, ನನ್ನ ಭುಜ ಹಿಡಿದು ಎದ್ದು ನಿಂತಳು. ಆಮೇಲೆ ಸಮಾಧಿಯ ಕಡೆ ತಿರುಗಿ, ಚರ್ಚಿನಲ್ಲಿ ಹಾಡುವ ಅದೇ ಗಂಟಲಿನಲ್ಲಿ, ಸ್ಮಶಾನದ ನಾಲ್ಕು ಮೂಲೆಗೂ ಕೇಳುವಂತೆ ಹೇಳಿದಳು:

"ಅಮ್ಮಾ, ನೀನು ಆರಾಮಾಗಿ ಮಲಕ್ಕೋ. ನಾತ ನಿಂದಲ್ಲ, ನಿನ್ನ ಅಳಿಯಂದು."

ಗುಜುಗುಜು ನಿಂತಿತು. ಆಮೇಲೆ ಸ್ಮಶಾನದ ತುಂಬ ಒಂದು ದೊಡ್ಡ ನಿಟ್ಟುಸಿರು ಹರಿಯಿತು. ಜನ ಬೈಯುತ್ತಾರೆಂದು ನಾನು ಕಿವಿ ಮುಚ್ಚಿಕೊಂಡಿದ್ದೆ. ಬೈಯಲು ಅವರಿಗೆ ಪುರುಸೊತ್ತು ಎಲ್ಲಿತ್ತು? ಅವರಿಗೆ ಅದಕ್ಕಿಂತ ಅವಸರದ ಕೆಲಸವಿತ್ತು. ಅಪೊಲೋನಿಯಾ ಮತ್ತೆ ಬಗ್ಗಿ, "ಫ್ಲೋರಿಯಾನ್, ನೀನಲ್ಲವಂತೆ ಕಣೋ, ಸೆವೆರಿನಣ್ಣ," ಎಂದಳು. ಗಡಿಯಾರದ ವಿಷಯ ವಾಪಸು ತೆಗೆದುಕೊಳ್ಳುತ್ತೇನೆ ಎಂದೂ ಸೇರಿಸಿದಳು. ಹಿಪೊಲಿತ್ ಅಪ್ಪನಿಗೆ ಹೇಳಿದ. ಆಚೆ ಸಾಲಿನವರು ಅಜ್ಜಿಗೆ ಹೇಳಿದರು. ಸಮಾಧಿಯಿಂದ ಸಮಾಧಿಗೆ ನನ್ನ ಹೆಸರು ನಡೆಯಿತು. ನಾನು ಹುಟ್ಟುವ ಮುಂಚೆ ಸತ್ತವರಿಗೂ ಯಾರೋ ನನ್ನನ್ನು, ಗೇಟಿನ ಪಕ್ಕ ಮರ ಇದೆಯಲ್ಲ, ಆ ಮನೆಯವನು ಎಂದು ಗುರುತು ಹೇಳಿ ಪರಿಚಯ ಮಾಡಿಕೊಡುತ್ತಿದ್ದರು.

ನಾನು ಹೋಗಿ ಫಾದರ್ ಮುಂದೆ ನಿಂತೆ. ಪ್ರಾಯಶ್ಚಿತ್ತ ಏನೇ ಹೇಳಲಿ, ನೂರು ಪ್ರಾರ್ಥನೆಯಾದರೂ ಸರಿ, ಮಂಡಿಯಲ್ಲಿ ಚರ್ಚು ಸುತ್ತುವುದಾದರೂ ಸರಿ, ಮಾಡುತ್ತೇನೆ ಎಂದು ತಲೆ ತಗ್ಗಿಸಿದೆ. ಫಾದರ್ ಧೂಪದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಬೇಲಿಯ ಹತ್ತಿರ, ಯಾರೂ ಇಲ್ಲದವರ ಹಳೆಯ ಸಮಾಧಿಗಳಿದ್ದ ಮೂಲೆಯ ಕಡೆ ಕೈ ತೋರಿಸಿದರು.

"ಎಲ್ಲರಿಗೂ ಅವರವರ ಮನೆಯೋರು ಹೇಳ್ತಾ ಇದಾರೆ ಸೆವೆರಿನ್," ಎಂದರು. "ಅವರಿಗೆ ಹೇಳೋರು ಯಾರೂ ಇಲ್ಲ. ನೀವೇ ಹೋಗಿ ಹೇಳಿ ಬನ್ನಿ."

ಹೋದೆ. ಊರೆಲ್ಲ ನೋಡುತ್ತಿತ್ತು. ಕಲ್ಲಿನ ಮೇಲಿನ ಹೆಸರುಗಳು ಸವೆದುಹೋಗಿದ್ದವು. ಯಾರು ಗಂಡಸೋ ಯಾರು ಹೆಂಗಸೋ ತಿಳಿಯುತ್ತಿರಲಿಲ್ಲ. ಮೊದಲನೆಯದರ ಮುಂದೆ ಟೋಪಿ ತೆಗೆದು ನಿಂತೆ. ಗಂಟಲು ಸರಿಮಾಡಿಕೊಂಡೆ.

"ನಮಸ್ಕಾರ. ನಾನು ಸೆವೆರಿನ್," ಎಂದೆ. "ನಾತ ನಂದು."

ಆಮೇಲೆ ಪಕ್ಕದ ಸಮಾಧಿಗೆ ಹೋದೆ.